ಶಾಲೆಯಲ್ಲಿ ಮ್ಯೂಸಿಕ್ ಪೀರಿಯಡ್ ಇದೆ ಸರಿ, ಮಕ್ಕಳು ಒಟ್ಟಿಗೆ ನುಡಿಸೋದು ಯಾವಾಗ?

ಕತ್ರಿಗುಪ್ಪೆ ಅಮ್ಮ · ಭಾನುವಾರ, ರಾತ್ರಿ 9:50

ನನ್ನ ಮಗಳು ಎಂಟನೇ ಕ್ಲಾಸ್. ವೀಣೆ ಕಲಿಯಲು ಶುರು ಮಾಡಿ ಐದು ವರ್ಷ ಆಯ್ತು. ಸಂಗೀತದ ಜೂನಿಯರ್ ಪರೀಕ್ಷೆ ಮುಗಿದಿದೆ, ಸೀನಿಯರ್‌ಗೆ ತಯಾರಿ ನಡೆದಿದೆ. ಪಾಠ ಮನೆ ಹತ್ತಿರದ ಟೀಚರ್ ಬಳಿ. ಅದಕ್ಕೂ ಶಾಲೆಗೂ ಸಂಬಂಧವೇ ಇಲ್ಲ.

ಮೊನ್ನೆ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆವು. ಆಹ್ವಾನ ಪತ್ರಿಕೆಯಲ್ಲಿ ‘ವಿದ್ಯಾರ್ಥಿಗಳಿಂದ ವಾದ್ಯವೃಂದ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಪರದೆ ಸರಿಯಿತು. ಹದಿನಾಲ್ಕು ಮಕ್ಕಳು, ಎಲ್ಲರಿಗೂ ಒಂದೇ ಬಣ್ಣದ ಜುಬ್ಬಾ. ಗಿಟಾರ್, ಕೀಬೋರ್ಡ್, ಪಿಟೀಲು. ತುದಿಯಲ್ಲಿ ಒಬ್ಬ ಹುಡುಗ ಮೃದಂಗ ಇಟ್ಟುಕೊಂಡು ಕೂತಿದ್ದ. ಹಾಡು ಜೋರಾಗಿ ಶುರುವಾಯಿತು. ಎರಡು ನಿಮಿಷ ಆಗಿರಬೇಕು, ಕರೆಂಟ್ ಹೋಯಿತು. ಹಾಡೂ ಹೋಯಿತು. ಹದಿಮೂರು ಮಕ್ಕಳ ಕೈ ಅಲ್ಲೇ ನಿಂತಿತು. ಅಷ್ಟು ಹೊತ್ತೂ ಓಡುತ್ತಿದ್ದದ್ದು ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್! ಆ ಮೃದಂಗದ ಹುಡುಗ ಮಾತ್ರ ತಲೆ ಎತ್ತದೆ ನುಡಿಸುತ್ತಲೇ ಇದ್ದ. ಜನರೇಟರ್ ಹತ್ತುವ ತನಕ ಇಡೀ ಸಭಾಂಗಣದಲ್ಲಿ ಅವನೊಬ್ಬನದೇ ಸದ್ದು.

ಪಿಟೀಲು ಹಿಡಿದು ನಿಂತಿದ್ದ ಮೂವರಿಗೂ ನಿಜಕ್ಕೂ ಪಿಟೀಲು ಬರುತ್ತದೆ. ಅದು ಆಮೇಲೆ ಗೊತ್ತಾಯಿತು. ಹೊರಗೆ ಬೇರೆ ಬೇರೆ ಗುರುಗಳ ಹತ್ತಿರ ಕಲಿಯುತ್ತಿದ್ದಾರೆ. ಕೊಳಲಿನ ಹುಡುಗಿಯೂ ಒಬ್ಬಳಿದ್ದಾಳೆ. ಬರುವ ಮಕ್ಕಳನ್ನೇ ಸುಮ್ನೆ ನಟಿಸೋಕೆ ನಿಲ್ಲಿಸಿದ್ದರು. ಮ್ಯೂಸಿಕ್ ರೂಮ್ ಇದೆ, ಅದರ ಕೀಬೋರ್ಡ್ ಬೀರುವಿನಲ್ಲಿದೆ, ಬೀರುವಿನ ಕೀಲಿ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ಮಕ್ಕಳನ್ನು ಒಟ್ಟಿಗೆ ಕೂರಿಸಿ ನುಡಿಸೋ ಹಾಗೆ ಮಾಡಬಹುದಾ? ನಿಮ್ಮ ಶಾಲೆಯಲ್ಲಿ ಯಾರಾದರೂ ಮಾಡಿದ್ದೀರಾ?

ಸುಮ್ನೆ ಓದುಗ · ಭಾನುವಾರ, ರಾತ್ರಿ 10:15

ಮೇಡಂ, ಎಂಟನೇ ಕ್ಲಾಸ್ ಅಂದರೆ ಎಸ್‌ಎಸ್‌ಎಲ್‌ಸಿಗೆ ಎರಡೇ ವರ್ಷ. ಟ್ರ್ಯಾಕ್ ಹಾಕಿದರೆ ಏನಾಯ್ತು? ಮಕ್ಕಳು ಖುಷಿಯಾಗಿದ್ದರಲ್ವಾ? ವೀಣೆ ಟೀಚರ್ ಹತ್ತಿರ ಕಲಿಯುತ್ತಿದ್ದಾಳೆ, ಅಷ್ಟು ಸಾಕು. ಶಾಲೆಯಿಂದ ಎಲ್ಲವನ್ನೂ ಬಯಸಬಾರದು.

ಕತ್ರಿಗುಪ್ಪೆ ಅಮ್ಮ · ಭಾನುವಾರ, ರಾತ್ರಿ 10:31

ಖುಷಿಯಾಗಿರಲಿಲ್ಲ ಸರ್. ಪಿಟೀಲಿನ ಹುಡುಗಿ ಗ್ರೀನ್ ರೂಮಿನಲ್ಲಿ ಅತ್ತಳು. ಅವರಜ್ಜ ಮೊದಲ ಸಾಲಿನಲ್ಲಿ ಕೂತಿದ್ದರು. ಆಮೇಲೆ ಇನ್ನೊಂದು. ನನ್ನ ಮಗಳು ಐದು ವರ್ಷದಲ್ಲಿ ಇನ್ನೊಬ್ಬರ ಜೊತೆ ಒಂದು ಗೀತೆಯನ್ನೂ ನುಡಿಸಿಲ್ಲ. ಐದು ವರ್ಷ ಒಬ್ಬಳೇ ಚೆಂಡು ಹಿಡಿದು ಆಡಿದರೆ ಅದಕ್ಕೆ ಆಟ ಅಂತೀರಾ?

ಸ್ಕೂಟರ್ ಟೀಚರ್ · ಸೋಮವಾರ, ಸಂಜೆ 6:20

ನಾನು ಸಂಗೀತ ಟೀಚರ್. ಕಾಯಂ ಅಲ್ಲ. ವಾರಕ್ಕೆ ಮೂರು ಶಾಲೆ, ಸ್ಕೂಟರಿನ ಮುಂದೆ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಓಡಾಟ. ಟ್ರ್ಯಾಕ್ ಹಾಕಿದ ಆ ಟೀಚರನ್ನು ದಯವಿಟ್ಟು ಬೈಯಬೇಡಿ. ನಾನೂ ಹಾಕಿದ್ದೇನೆ.

ನಮ್ಮ ವರ್ಷ ಹೇಗೆ ಹೋಗುತ್ತದೆ ಕೇಳಿ. ಪೀರಿಯಡ್ ನಲವತ್ತು ನಿಮಿಷ, ಮಕ್ಕಳು ನಲವತ್ತೆರಡು. ಸಾಲಾಗಿ ಬಂದು ಕೂರಲು ಐದು ನಿಮಿಷ, ಎದ್ದು ಹೋಗಲು ಐದು. ಜೂನ್‌ನಲ್ಲಿ ಮೊದಲ ಪಾಠ ಸರಳೆ ವರಸೆ ಶುರು ಮಾಡುತ್ತೇನೆ. ಜುಲೈ ಬಂತು, ಆಗಸ್ಟ್ 15ಕ್ಕೆ ದೇಶಭಕ್ತಿ ಗೀತೆ ರೆಡಿ ಮಾಡಿ ಅಂತಾರೆ. ಆಮೇಲೆ ಶಿಕ್ಷಕರ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಮಕ್ಕಳ ದಿನ, ವಾರ್ಷಿಕೋತ್ಸವ. ಜನವರಿ ಕಳೆದರೆ ನನ್ನ ಪೀರಿಯಡ್ ಗಣಿತದ ಮೇಷ್ಟ್ರಿಗೆ. ಎಷ್ಟೋ ಕ್ಲಾಸುಗಳಲ್ಲಿ ಅದರ ಮುಂದಿನ ಪಾಠ ಜಂಟಿ ವರಸೆ ತಲುಪಿದ್ದೇ ಇಲ್ಲ. ವರ್ಷಕ್ಕೆ ಆರು ಹಾಡು ಒಪ್ಪಿಸುತ್ತೇನೆ, ಅದನ್ನೇ ಸಂಗೀತ ಪಾಠ ಅಂತ ಕರೆಯುತ್ತಾರೆ.

ಸಿಬಿಎಸ್‌ಇ ಶಾಲೆಗಳಿಗೆ 2019ರಲ್ಲೇ ಹೇಳಿಯಾಗಿದೆ, ಒಂದರಿಂದ ಹನ್ನೆರಡನೇ ಕ್ಲಾಸಿನವರೆಗೆ ವಾರಕ್ಕೆ ಕಡೇಪಕ್ಷ ಎರಡು ಪೀರಿಯಡ್ ಕಲೆಗೆ ಕೊಡಿ ಅಂತ. ಆದರೆ ಕಲೆ ಅಂದರೆ ಸಂಗೀತ, ನೃತ್ಯ, ಚಿತ್ರ, ನಾಟಕ ನಾಲ್ಕೂ ಬಂತು. ಹಂಚಿಕೊಂಡರೆ ನಮ್ಮ ಪಾಲಿಗೆ ಎಷ್ಟು ಉಳಿಯುತ್ತದೆ ನೀವೇ ನೋಡಿ.

ಆದರೂ ಒಂದು ದಾರಿ ಇದೆ. ನಾಡಗೀತೆ. ಹೇಗಿದ್ದರೂ ಹಾಡಲೇಬೇಕು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನೇ ನಿಗದಿ ಮಾಡಿತು, ಎರಡೂವರೆ ನಿಮಿಷದಲ್ಲಿ ಮುಗಿಸಬೇಕು ಅಂತಲೂ ಹೇಳಿತು. ಧಾಟಿ ಯಾವುದು ಅನ್ನೋ ಜಗಳ ನಮ್ಮ ಸ್ಟಾಫ್ ರೂಮಿನಲ್ಲಿ ಮುಗಿದಿದ್ದು ಆಗಲೇ. ಎಲ್ಲ ಮಕ್ಕಳಿಗೂ ಬಾಯಿಪಾಠ ಬರುವ ಹಾಡು ಅದೊಂದೇ. ವಾದ್ಯ ಬರುವವರನ್ನು ಅದರ ಸುತ್ತ ಕೂರಿಸಿ. ಹೊಸ ಹಾಡು ಕಲಿಸುವ ಸಮಯ ಉಳಿಯುತ್ತದೆ. ಅನುಮತಿಗೂ ಯಾರೂ ಇಲ್ಲ ಅನ್ನಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಮನಸ್ಸಿನಲ್ಲಿ ಕೊರೆಯುತ್ತಿದೆ. ಎಂಟು, ಒಂಬತ್ತನೇ ಕ್ಲಾಸಿನ ಹುಡುಗರ ಗಂಟಲು ಒಡೆಯುವ ಸಮಯ. ಏಳರಲ್ಲಿ ಹುಡುಗಿಯರ ಜೊತೆ ಐದು ಮನೆ ಶ್ರುತಿಯಲ್ಲಿ, ಅಂದರೆ ಎತ್ತರದ ದನಿಯಲ್ಲಿ, ಆರಾಮಾಗಿ ಹಾಡುತ್ತಿದ್ದವನು ಬೇಸಿಗೆ ರಜೆ ಮುಗಿಸಿ ಬಂದರೆ ತಾರಸ್ಥಾಯಿಯ ಷಡ್ಜವೇ, ಮೇಲಿನ ಸ, ಹತ್ತಲ್ಲ. ಅಂಥ ಒಬ್ಬ ಹುಡುಗನಿಗೆ ನಾನು ‘ನೀನು ಬಾಯಿ ಮಾತ್ರ ಆಡಿಸು’ ಅಂದಿದ್ದೆ. ಅವನು ಆಮೇಲೆ ಸಂಗೀತದ ಕಡೆಗೇ ಬರಲಿಲ್ಲ. ಈಗ ಅಂಥವರ ಕೈಗೆ ಖಂಜಿರ, ಆ ಸಣ್ಣ ಚರ್ಮವಾದ್ಯ, ಕೊಡುತ್ತೇನೆ, ಇಲ್ಲವೇ ತಾಳ. ಆರು ತಿಂಗಳು, ವರ್ಷ ಕಾಯಬೇಕು, ಅಷ್ಟೇ. ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮತ್ತೆ ಶುರು ಮಾಡಬಹುದು.

ಮೃದಂಗದಪ್ಪ · ಸೋಮವಾರ, ರಾತ್ರಿ 11:05

ಟೀಚರ್ ಹೇಳಿದ್ದು ಸರಿ. ಆದರೆ ಹಾಡು ಆರಿಸುವ ಮೊದಲು ಶ್ರುತಿ, ಅಂದರೆ ಎಲ್ಲರೂ ಸ ಅಂತ ಹಿಡಿಯುವ ಆಧಾರ ಸ್ವರ, ಆರಿಸಬೇಕು. ಎಲ್ಲರೂ ಎಡವುವುದು ಇಲ್ಲೇ.

ನನ್ನ ಮಗನಿಗೆ ಮೃದಂಗ ಕೊಳ್ಳಲು ಬಳೇಪೇಟೆಗೆ ಹೋಗಿದ್ದೆ. ಅಂಗಡಿಯವರು ಮೊದಲು ಕೇಳಿದ್ದು ‘ಎಷ್ಟು ಮನೆಗೆ ಸಾರ್?’ ಅಂತ. ನನಗೆ ತಲೆಬುಡ ಗೊತ್ತಿರಲಿಲ್ಲ. ಮನೆ ಅಂದರೆ ಹಾರ್ಮೋನಿಯಂನ ಬಿಳಿ ಕೀ, ಅರೆ ಅಂದರೆ ಅದರ ಪಕ್ಕದ ಕಪ್ಪು ಕೀ. ಒಂದು ಮನೆ ಅಂದರೆ ಪಾಶ್ಚಾತ್ಯರ ಸಿ, ಎರಡು ಡಿ, ಮೂರು ಇ, ಐದು ಜಿ. ಹುಡುಗಿಯರು ಹಾಡುವುದು ಹೆಚ್ಚಾಗಿ ಐದು, ಐದೂವರೆ. ವೀಣೆ ಎರಡೂವರೆ, ಮೂರು. ಕೊಳಲು ಒಮ್ಮೆ ಕೊರೆದ ಮೇಲೆ ಮುಗೀತು, ಐದು ಮನೆ ಕೊಳಲು ಐದು ಮನೆಯದೇ. ಪಿಟೀಲಿನ ತಂತಿ ಬಿಗಿ ಮಾಡಬಹುದು, ಆದರೆ ಒಂದಕ್ಕೆ ಕೂರಿಸಿದ್ದನ್ನು ಐದಕ್ಕೆ ಎಳೆದರೆ ಪಟ್ ಅನ್ನುತ್ತದೆ. ಮೃದಂಗ ಸ್ವಲ್ಪ ಹತ್ತುತ್ತದೆ, ಸ್ವಲ್ಪ ಇಳಿಯುತ್ತದೆ. ತಗ್ಗು ಶ್ರುತಿಯದ್ದನ್ನು ಐದಕ್ಕೆ ತರುತ್ತೇನೆ ಅಂತ ಕಲ್ಲು ಹಿಡಿದು ಬಡಿದರೆ ಚರ್ಮದ ಮುಚ್ಚಿಗೆ ಹಾಳು.

ಕತ್ರಿಗುಪ್ಪೆ ಮೇಡಂ, ನಿಮ್ಮ ಮಗಳ ವೀಣೆಯೇ ಇಲ್ಲಿ ತೊಡಕು. ಅದಕ್ಕೊಂದು ಉಪಾಯ ಇದೆ. ನನ್ನ ಮಗನ ಗುರುಗಳು ತೋರಿಸಿಕೊಟ್ಟಿದ್ದು. ವೀಣೆಯನ್ನು ಎರಡು ಮನೆಗೆ ಇಳಿಸಿ. ಅದರ ಶುದ್ಧ ಮಧ್ಯಮ, ಅಂದರೆ ಮ, ಎಲ್ಲಿ ಬರುತ್ತದೆ? ಸರಿಯಾಗಿ ಐದು ಮನೆಯಲ್ಲಿ. ಆ ಮಧ್ಯಮವನ್ನೇ ಷಡ್ಜ (ಸ) ಮಾಡಿಕೊಂಡು ನುಡಿಸಿದರೆ ಉಳಿದವರ ಐದು ಮನೆಗೆ ಕೂತುಬಿಡುತ್ತದೆ. ಮಧ್ಯಮ ಶ್ರುತಿ ಅನ್ನುತ್ತಾರಲ್ಲ, ಅದೇ. ವೀಣೆಯ ಬದಿಯ ತಾಳದ ತಂತಿಯಲ್ಲಿರುವ ಪಂಚಮವನ್ನು (ಪ) ಮಧ್ಯಮಕ್ಕೆ ಇಳಿಸುವುದು ಮರೆಯಬೇಡಿ, ಇಲ್ಲದಿದ್ದರೆ ಪಕ್ಕದಲ್ಲಿ ಬೇರೆ ಯಾರೋ ಜಗಳ ಆಡಿದ ಹಾಗೆ ಕೇಳುತ್ತದೆ. ಮಗಳಿಗೆ ಬೆರಳಿನ ಲೆಕ್ಕ ಬದಲಾಗುತ್ತದೆ. ಒಂದು ವಾರ ಗೊಣಗುತ್ತಾಳೆ.

ಎಲೆಕ್ಟ್ರಾನಿಕ್ ತಂಬೂರ ಒಂದಿದ್ದರೆ ಕೋಣೆಯ ಮಧ್ಯದಲ್ಲಿ ಇಡಿ. ಆ ಪೆಟ್ಟಿಗೆಯನ್ನು ಮನೆಮನೆಗೆ ತಂದ ರಾಡೆಲ್ ಕಂಪನಿ ನಮ್ಮ ಬೆಂಗಳೂರಿನದೇ.

ಒಟ್ಟಿಗೆ ನುಡಿಸುವುದು ನಮ್ಮೂರಿಗೆ ಹೊಸದೇನಲ್ಲ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲೇ ಇಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿ ತಾಳವಾದ್ಯ ವೃಂದವನ್ನು ದೇಶ ವಿದೇಶ ಸುತ್ತಿಸಿದರು. ಘಟಂ ವಿದುಷಿ ಸುಕನ್ಯಾ ರಾಮಗೋಪಾಲ್ ಅವರು ಹೆಣ್ಣುಮಕ್ಕಳದ್ದೇ ತಾಳವಾದ್ಯ ತಂಡ ಕಟ್ಟಿದರು. ನನಗೆ ಇನ್ನೂ ತಮಾಷೆ ಅನ್ನಿಸುವುದು ಬೇರೆ. 1939ರಲ್ಲಿ ಶುರುವಾದ ಚಾಮರಾಜಪೇಟೆಯ ರಾಮೋತ್ಸವದ ಕಚೇರಿಗಳಿಗೆ ಹೆಸರಾದ ಜಾಗ ಕೋಟೆ ಹೈಸ್ಕೂಲ್ ಮೈದಾನ. ಶಾಲೆಯ ಅಂಗಳದಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ನುಡಿಸಿ ಹೋಗುತ್ತಾರೆ, ಶಾಲೆಗಳ ಒಳಗೆ ಮಾತ್ರ ಟ್ರ್ಯಾಕ್!

ಎಚ್‌ಎಸ್‌ಆರ್ ವಯಲಿನ್ · ಮಂಗಳವಾರ, ಬೆಳಿಗ್ಗೆ 8:12

ಸ್ವಲ್ಪ ಬೇರೆ ಮಾತು. ಮೂರು ಪಿಟೀಲು ಅಂದಿರಲ್ಲ, ಮೂರೂ ಕರ್ನಾಟಕ ಪದ್ಧತಿಯೇ ಅಂತ ಕೇಳಿಕೊಳ್ಳಿ. ನನ್ನ ಮಗ ಪಾಶ್ಚಾತ್ಯ ವಯಲಿನ್ ಕಲಿಯುತ್ತಾನೆ, ಲಂಡನ್ನಿನ ಟ್ರಿನಿಟಿ ಪರೀಕ್ಷೆಯ ಮೂರನೇ ಗ್ರೇಡ್. ಅವನ ತಂತಿ ಜಿ, ಡಿ, ಎ, ಇ. ನಿಮ್ಮ ಮಕ್ಕಳದ್ದು ಸ, ಪ, ಸ, ಪ. ಅವನು ನಿಂತು ಗದ್ದಕ್ಕೆ ಒತ್ತಿ ಹಿಡಿಯುತ್ತಾನೆ, ಅವರು ಕೂತು ಪಾದದ ಮೇಲೆ ಇಟ್ಟುಕೊಳ್ಳುತ್ತಾರೆ. ವಾದ್ಯ ಒಂದೇ, ಆದರೆ ಒಬ್ಬರ ಪಿಟೀಲು ಇನ್ನೊಬ್ಬರ ಕೈಗೆ ಕೊಟ್ಟರೆ ಒಂದು ಸ್ವರವೂ ಸರಿಯಾಗಿ ಬೀಳಲ್ಲ. ಟ್ರಂಪೆಟ್, ಕ್ಲಾರಿನೆಟ್ ಹುಡುಗರು ಬಂದರಂತೂ ಕೇಳಲೇಬೇಡಿ. ಅವರು ಸಿ ಅಂತ ಓದಿದರೆ ಹೊರಗೆ ಬರುವುದು ಬಿ ಫ್ಲ್ಯಾಟ್.

ಇನ್ನೊಂದು. ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ ನುಡಿಸಿದರೆ ಅದು ವೃಂದ ಹೇಗಾಗುತ್ತದೆ? ಒಬ್ಬೊಬ್ಬರಿಗೆ ಒಂದೊಂದು ಭಾಗ ಇರಬೇಕು. ಮಗನನ್ನು ಒಂದು ಕಾಯರ್‌ಗೆ, ಅಂದರೆ ಗುಂಪಾಗಿ ಹಾಡುವ ತಂಡಕ್ಕೆ, ಸೇರಿಸಿದ ಮೇಲೆಯೇ ಅವನು ಪಕ್ಕದವರ ಸ್ವರ ಕೇಳಲು ಕಲಿತದ್ದು. ಗ್ರೇಡ್ ಪರೀಕ್ಷೆ ಅದನ್ನು ಕಲಿಸಲಿಲ್ಲ, ನಿಜ ಹೇಳಬೇಕೆಂದರೆ.

ಸ್ಕೂಟರ್ ಟೀಚರ್ · ಮಂಗಳವಾರ, ಸಂಜೆ 7:02

ಭಾಗ ಹಂಚೋಣ ಸರ್, ಬೇಡ ಅನ್ನಲ್ಲ. ಆದರೆ ನಮ್ಮಲ್ಲಿ ಭಾಗ ಹಂಚುವುದು ಬೇರೆ ಥರ. ಪಲ್ಲವಿಯನ್ನು ಪಿಟೀಲು ಎತ್ತುತ್ತದೆ, ಕೊಳಲು ಅದೇ ಸಾಲನ್ನು ತಿರುಗಿ ಹೇಳುತ್ತದೆ, ಚರಣಕ್ಕೆ ವೀಣೆ ಒಂದೇ ಉಳಿಯುತ್ತದೆ, ಕೊನೆಗೆ ಎಲ್ಲರೂ. ಅದೂ ಹಂಚಿಕೆಯೇ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು, ಅವರೇ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರು. ಎರಡೂ ಗೊತ್ತಿದ್ದವರಿಗೆ ಜಗಳ ಇರಲಿಲ್ಲ. ನಮಗೆ ಮಾತ್ರ ಯಾಕೆ!

ಮೇಷ್ಟ್ರು, ಕೆಂಗೇರಿ ಕಡೆ · ಬುಧವಾರ, ರಾತ್ರಿ 9:30

ಎಲ್ಲರ ಮಾತನ್ನೂ ಓದಿದೆ. ವೀಣೆ, ವಯಲಿನ್, ಗ್ರೇಡ್… ನಮ್ಮದು ಸರ್ಕಾರಿ ಶಾಲೆ. ಸಂಗೀತದ ಟೀಚರ್ ಹುದ್ದೆಯೇ ಇಲ್ಲ. ನಾನು ಸಮಾಜ ವಿಜ್ಞಾನದವನು. ಪ್ರತಿಭಾ ಕಾರಂಜಿ ಬಂದರೆ ಭಾವಗೀತೆ, ಜಾನಪದ ಗೀತೆ, ಕವ್ವಾಲಿ ಎಲ್ಲಕ್ಕೂ ನಾನೇ ಗುರು, ಮೊಬೈಲ್ ನೋಡಿಕೊಂಡು.

ಕವ್ವಾಲಿ ನಮಗೆ ದೊಡ್ಡ ಪಾಠ ಕಲಿಸಿತು. ಗುಂಪಿನ ಸ್ಪರ್ಧೆ ಅದು. ಒಬ್ಬ ಎತ್ತಬೇಕು, ಉಳಿದವರು ಹಿಡಿಯಬೇಕು, ಚಪ್ಪಾಳೆ ಒಂದಾಗಬೇಕು. ಮೊದಲ ವರ್ಷ ಕ್ಲಸ್ಟರ್ ಮಟ್ಟದಲ್ಲೇ ಸೋತೆವು. ಚಪ್ಪಾಳೆ ಮಳೆ ಹನಿ ಬಿದ್ದ ಹಾಗೆ ಇತ್ತು, ಒಂದೊಂದು ಒಂದೊಂದು ಕಡೆ. ಅದಾದ ಮೇಲೆ ದಿನಾ ಬಿಸಿಯೂಟದ ಸಾಲಿನಲ್ಲಿ ನಿಂತಾಗ ಜತಿ, ಅಂದರೆ ತಾಳ ಎಣಿಸುವ ಬಾಯಿಮಾತು, ಹೇಳಿಸಲು ಶುರು ಮಾಡಿದೆ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕದಿಮಿ, ಐದಕ್ಕೆ ತಕ ತಕಿಟ, ಏಳಕ್ಕೆ ತಕಿಟ ತಕದಿಮಿ. ಒಂದು ಸಾಲಿಗೆ ಮೂರು, ಪಕ್ಕದ ಸಾಲಿಗೆ ನಾಲ್ಕು. ಹನ್ನೆರಡು ಎಣಿಕೆಗೆ ಎರಡೂ ಸಾಲು ಒಂದೇ ಕಡೆ ಬಂದು ಬೀಳುತ್ತವೆ. ಮೊದಲ ಸಲ ಹಾಗೆ ಬಿದ್ದಾಗ ತಟ್ಟೆ ಹಿಡಿದುಕೊಂಡೇ ಕುಣಿದರು. ಲಸಾಅ ಪಾಠ ಸುಲಭವಾಯಿತು ಅಂತ ಗಣಿತದ ಮೇಡಂ ಹೇಳಿದರು. ಪುಕ್ಕಟೆ ಲಾಭ.

ಆಮೇಲೆ ತಮಟೆ. ಆರನೇ ಕ್ಲಾಸಿನ ಹುಡುಗನೊಬ್ಬನ ತಂದೆ ತಮಟೆ ಬಾರಿಸುತ್ತಾರೆ. ಅವರನ್ನು ಶಾಲೆಗೆ ಕರೆದಾಗ ಕೆಲವರು ಮೂಗು ಮುರಿದರು. ಶಾಲೆಯ ಒಳಗೆ ತಮಟೆಯಾ ಅಂದರು. ಯಾಕೆ ಹಾಗೆ ಕೇಳಿದರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನು ವಾದ ಮಾಡಲಿಲ್ಲ. ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದೆ, ಅದನ್ನು ತೋರಿಸಿದೆ. ಆ ತಂದೆ ಬಂದರು. ಒಣಹುಲ್ಲು ಹತ್ತಿಸಿ ಚರ್ಮ ಕಾಯಿಸುವುದು ತೋರಿಸಿದರು. ಕಾಯುವ ಮೊದಲು ಬಾರಿಸಿದರೆ ದಬ್ ಅನ್ನುತ್ತದೆ, ಕಾದ ಮೇಲೆ ಟಣ್. ಮಗ ಪಕ್ಕದಲ್ಲೇ ನಿಂತಿದ್ದ. ಆ ದಿನ ಅವನು ನಿಂತ ಠೀವಿ ನೀವು ನೋಡಬೇಕಿತ್ತು.

ಸೈಡ್ ಡ್ರಮ್ · ಬುಧವಾರ, ರಾತ್ರಿ 10:04

ನಮ್ಮ ಕಾಲದಲ್ಲಿ ವಾದ್ಯವೃಂದ ಅಂದರೆ ಶಾಲೆಯ ಬ್ಯಾಂಡ್. ನಾಲ್ಕು ಸೈಡ್ ಡ್ರಮ್, ಒಂದು ಬಾಸ್ ಡ್ರಮ್, ಬಿಗಿಲು, ಕೊಳಲು. ಮಾರ್ಚ್ ಮಾಡುತ್ತಾ ಬಾರಿಸಬೇಕು. ನೀನು ತಪ್ಪಿದರೆ ಹಿಂದಿನ ಇಡೀ ಸಾಲಿನ ಕಾಲು ತಪ್ಪುತ್ತದೆ. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದು ನಾನು ಕಲಿತದ್ದು ಅಲ್ಲಿ, ಕ್ಲಾಸಿನಲ್ಲಲ್ಲ. ಗಣರಾಜ್ಯೋತ್ಸವಕ್ಕೆ ಶಾಲಾ ಬ್ಯಾಂಡ್‌ಗಳ ರಾಷ್ಟ್ರ ಮಟ್ಟದ ಸ್ಪರ್ಧೆ ಇದೆ, ಬ್ರಾಸ್ ಬ್ಯಾಂಡ್, ಪೈಪ್ ಬ್ಯಾಂಡ್ ಬೇರೆ ಬೇರೆ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ. ಎಷ್ಟು ಪಾಲಕರಿಗೆ ಗೊತ್ತು?

ಒಂಬತ್ತು ಬಿ · ಗುರುವಾರ, ಸಂಜೆ 5:40

ಅಂಕಲ್, ಆಂಟಿ, ನಾನು ಒಂಬತ್ತನೇ ಕ್ಲಾಸ್, ಅಮ್ಮನ ಅಕೌಂಟಿನಿಂದ ಬರೆಯುತ್ತಿದ್ದೇನೆ. ನೀವು ಯಾರೂ ನಮಗೆ ಏನು ನುಡಿಸೋಕೆ ಇಷ್ಟ ಅಂತ ಕೇಳಿಲ್ಲ. ಸಿನಿಮಾ ಹಾಡು ಒಂದಾದರೂ ಇರಲಿ. ಆಮೇಲೆ ಪ್ರಾಕ್ಟೀಸ್ ಟೈಮಲ್ಲಿ ಅಪ್ಪ ಅಮ್ಮ ರೂಮಿನ ಒಳಗೆ ವಿಡಿಯೋ ಮಾಡುತ್ತಾ ನಿಲ್ಲಬಾರದು. ಪ್ಲೀಸ್.

ಕತ್ರಿಗುಪ್ಪೆ ಅಮ್ಮ · ಏಳು ವಾರದ ನಂತರ, ಶನಿವಾರ, ಸಂಜೆ 6:15

ಏನಾಯಿತು ಅಂತ ಮೂವರು ಮೆಸೇಜ್ ಮಾಡಿ ಕೇಳಿದ್ದೀರಿ. ಆಯಿತು! ಅರ್ಧ.

ಶನಿವಾರ ಅರ್ಧ ದಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮ್ಯೂಸಿಕ್ ರೂಮ್ ಕೊಟ್ಟರು. ಶಾಲೆಯ ಟೀಚರ್ ಬರಬೇಕಾದರೆ ಅವರಿಗೆ ದುಡ್ಡು ಕೊಡಬೇಕು, ಸುಮ್ಮನೆ ಕರೆಯಬಾರದು ಅಂತ ನಾವು ಪಾಲಕರೇ ತೀರ್ಮಾನ ಮಾಡಿಕೊಂಡೆವು. ಹನ್ನೊಂದು ಮಕ್ಕಳು ಸೇರಿದರು. ಆ ಮೃದಂಗದ ಹುಡುಗ ಏಳನೇ ಕ್ಲಾಸಂತೆ. ಎರಡು ವರ್ಷದಿಂದ ನನ್ನ ಮಗಳ ವ್ಯಾನಿನಲ್ಲೇ ಬರುತ್ತಿದ್ದಾನೆ. ಇವಳಿಗೆ ಅವನಿಗೆ ಮೃದಂಗ ಬರುತ್ತದೆ ಅಂತ ಗೊತ್ತಿಲ್ಲ, ಅವನಿಗೆ ಇವಳಿಗೆ ವೀಣೆ ಬರುತ್ತದೆ ಅಂತ ಗೊತ್ತಿಲ್ಲ.

ಮೊದಲ ದಿನ ಶ್ರುತಿ ಮಾಡುವುದಕ್ಕೇ ನಲವತ್ತು ನಿಮಿಷ. ಒಂದು ಪಿಟೀಲಿನ ತಂತಿ ಹೋಯಿತು. ವೀಣೆಯನ್ನು ಎರಡು ಮನೆಗೆ ಇಳಿಸಿದ್ದಕ್ಕೆ ಮಗಳು ಒಂದು ವಾರ ಅಲ್ಲ, ಮೂರು ವಾರ ಗೊಣಗಿದಳು. ‘ಅಮ್ಮ, ಕೈ ಸ ಅನ್ನುತ್ತೆ, ಕಿವಿ ಪ ಅನ್ನುತ್ತೆ.’ ನಾಲ್ಕನೇ ವಾರ ಗೊಣಗಾಟ ನಿಂತಿತು. ಬೀರುವಿನ ಕೀಲಿ ಆಫೀಸಿನ ಡ್ರಾಯರಿನಲ್ಲಿ ಸಿಕ್ಕಿತು, ಕೀಬೋರ್ಡ್ ಹೊರಗೆ ಬಂತು. ಅದನ್ನು ಆನ್ ಮಾಡಿದ ತಕ್ಷಣ ಉಳಿದ ಮಕ್ಕಳೆಲ್ಲ ಮೆತ್ತಗೆ ನುಡಿಸತೊಡಗಿದರು, ಅದರ ಹಿಂದೆ ಅಡಗಿಕೊಂಡ ಹಾಗೆ. ಟೀಚರ್ ಎರಡೇ ದಿನ ನೋಡಿ ಅದನ್ನು ಮತ್ತೆ ಬೀರುವಿಗೆ ಕಳಿಸಿದರು. ಕೀಬೋರ್ಡಿನ ಹುಡುಗನ ಕೈಗೆ ಈಗ ಖಂಜಿರ.

ಒಂಬತ್ತು ಬಿ, ನಿನ್ನ ಮಾತು ಕೇಳಿದೆವು ಪುಟ್ಟ. ನಾವೆಲ್ಲ ಗೇಟಿನ ಹತ್ತಿರದ ಬೆಂಚಿನಲ್ಲಿ ಕೂರುತ್ತೇವೆ. ಸಿನಿಮಾ ಹಾಡು ಮುಂದಿನ ತಿಂಗಳಿಂದ.

ನಿನ್ನೆ ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆಗೆ ನುಡಿಸಿದರು. ಮೈಕ್ ಒಂದೇ, ಅದು ವೀಣೆಗೆ. ಟ್ರ್ಯಾಕ್ ಇಲ್ಲ. ಮೊದಲ ಸಾಲಿನಿಂದಲೇ ಕಾಲ ಓಡಿತು. ಮೃದಂಗದವನು ಹಿಡಿದು ಎಳೆಯುತ್ತಿದ್ದ, ಪಿಟೀಲಿನವರು ಕೇಳಲಿಲ್ಲ, ಇಡೀ ಶಾಲೆ ಅವರ ಹಿಂದೆ ಓಡಿತು. ನಾನು ಮೊಬೈಲಿನಲ್ಲಿ ಟೈಮ್ ನೋಡಿದೆ. ಎರಡೂವರೆ ನಿಮಿಷದ ನಾಡಗೀತೆ ಎರಡು ನಿಮಿಷ ಎಂಟು ಸೆಕೆಂಡಿಗೆ ಮುಗಿಯಿತು. ಹೆಡ್‌ಮಿಸ್ ಮಾತ್ರ ಬಹಳ ಖುಷಿಪಟ್ಟರು, ಮೊದಲ ಪೀರಿಯಡ್ ಸರಿಯಾದ ಹೊತ್ತಿಗೆ ಶುರುವಾಯಿತು ಅಂತ.

ಈಗ ಒಂದು ಸಹಾಯ. ಟೀಚರ್ ತರುವ ಶ್ರುತಿ ಪೆಟ್ಟಿಗೆ ಅವರ ಜೊತೆಗೇ ಮುಂದಿನ ಶಾಲೆಗೆ ಹೋಗುತ್ತದೆ. ಯಾರ ಮನೆಯಲ್ಲಾದರೂ ಸುಮ್ಮನೆ ಬಿದ್ದಿರುವುದು ಇದೆಯಾ?

ಸೈಡ್ ಡ್ರಮ್ · ಶನಿವಾರ, ಸಂಜೆ 6:40

ನಮ್ಮ ಅಟ್ಟದ ಮೇಲೆ ಒಂದಿದೆ. ಅಜ್ಜಿಯದು, ಹಳೇ ತಿದಿ ಒತ್ತುವಂಥದ್ದು. ಸ್ವಲ್ಪ ಗಾಳಿ ಸೋರುತ್ತೆ. ಮುಂದಿನ ಶನಿವಾರ ತರಲಾ?

ಕತ್ರಿಗುಪ್ಪೆ ಅಮ್ಮ · ಶನಿವಾರ, ಸಂಜೆ 6:42

ತನ್ನಿ ಸರ್. ಹನ್ನೆರಡೂವರೆಗೆ. ಗೇಟಿನಲ್ಲಿ ಮ್ಯೂಸಿಕ್ ಅಂತ ಹೇಳಿ, ಬಿಡುತ್ತಾರೆ.